ನೆರಳು ಬರುವ ಹೊತ್ತು

“ಬಂತೇನಪ್ಪಾ?”

ಮರಿಬಸವಯ್ಯನವರು ದಿನಾ ಬೆಳಿಗ್ಗೆ ಓಟ ಮುಗಿಸಿ ಬಂದು, ತಮ್ಮ ಮನೆಯ ಹೊಸ್ತಿಲ ಮುಂದೆ ಬೀದಿಗೆ ಬೆನ್ನು ಮಾಡಿ ನಿಂತು ಹೀಗೆ ಕೇಳುತ್ತಿದ್ದರು. ಇಂಥವರನ್ನೇ ಕೇಳಿದ್ದು ಅಂತಲ್ಲ. ಮುಚ್ಚಿದ ಬಾಗಿಲನ್ನು ನೋಡುತ್ತ, ಬಾಗಿಲನ್ನೂ ಕೇಳದೆ, ಸುಮ್ಮನೆ ಗಾಳಿಗೆ ಬಿಟ್ಟ ಪ್ರಶ್ನೆ. ನಮ್ಮೂರಲ್ಲಿ ಎಲ್ಲರೂ ಕೇಳುವುದೇ ಹಾಗೆ. ತನ್ನ ನೆರಳು ಬಂತೋ ಇಲ್ಲವೋ ಎಂದು ತಾನೇ ತಿರುಗಿ ನೋಡುವ ಹಾಗಿಲ್ಲ. ತಿರುಗಿದರೆ, ಯಜಮಾನರು ಮತ್ತೆ ಹೊರಟರು ಎಂದುಕೊಂಡು ನೆರಳು ಬಂದ ದಾರಿಯಲ್ಲೇ ವಾಪಸು ಹೊರಟುಬಿಡುತ್ತದೆ. ಅದಕ್ಕೇ ಆ ಹೊತ್ತಿಗೆ ಬೀದಿಯಲ್ಲಿ ಯಾರಿರುತ್ತಾರೋ ಅವರು ನೋಡಿ ಹೇಳಬೇಕು. ಬಂದಿದ್ದರೆ ‘ಬಂತು’, ಬಾರದಿದ್ದರೆ ‘ಇಲ್ಲ’. ‘ಬಂತು’ ಎನ್ನಿಸಿಕೊಂಡ ಮೇಲೆಯೇ ಮನುಷ್ಯ ಹೊಸ್ತಿಲು ದಾಟುವುದು.

ದಾಟಿದರೆ ಏನಾಗುತ್ತದೆ ಎಂದು ಬೇರೆ ಊರಿನವರು ಕೇಳುತ್ತಾರೆ. ಅಂಥದ್ದೇನೂ ಆಗುವುದಿಲ್ಲ. ಹಿಂದೆ ಒಬ್ಬ ಶಾನುಭೋಗರು ಸಿಟ್ಟಿನಲ್ಲಿ ದಾಟಿದ್ದರಂತೆ. ಆ ಮಳೆಗಾಲವೆಲ್ಲ ಅವರ ನೆರಳು ಜಗಲಿಯ ಮೇಲೆ ನೆನೆಯುತ್ತ ಕೂತಿತ್ತು. ಬೀದಿಯವರು ಅದನ್ನು ತುಳಿಯದ ಹಾಗೆ ಸುತ್ತಿಕೊಂಡು ಓಡಾಡಿದರು. ಒಳಗೆ ಶಾನುಭೋಗರು ಸ್ವಂತ ಮನೆಯಲ್ಲೇ ನೆಂಟರಂತಾಗಿ, ಇನ್ನೊಂದು ಸೌಟು ಸಾರು ಬೇಕು ಎನ್ನಲೂ ನಾಚಿಕೊಳ್ಳುತ್ತಿದ್ದರಂತೆ. ಅಷ್ಟೇ ಆಗುವುದು. ಆದರೆ ಅಷ್ಟಾಗುವುದೂ ಯಾರಿಗೂ ಬೇಡ.

ನನ್ನ ಅಂಗಡಿ ಮರಿಬಸವಯ್ಯನವರ ಮನೆಗೆ ನೇರ ಎದುರು. ಗುಂಡಿ, ದಾರ, ಸೂಜಿ, ಜರಿಯ ಅಂಚು, ಲಂಗದ ಲಾಡಿ ಮಾರುತ್ತೇನೆ. ಬೆಳಿಗ್ಗೆ ಬಾಗಿಲು ತೆಗೆದು, ಗುಂಡಿಯ ಗಾಜಿನ ಭರಣಿಗಳನ್ನು ಒರೆಸಿ, ಊದುಬತ್ತಿ ಹಚ್ಚುವಷ್ಟರಲ್ಲಿ ಅವರ ಪ್ರಶ್ನೆ ಬರುತ್ತಿತ್ತು. ಹಾಗಾಗಿ ಉತ್ತರ ಬಹುಪಾಲು ನನ್ನದೇ. ಗಿರಾಕಿಗೆ ಬೆಲೆ ಹೇಳುವುದು, ಎದುರುಮನೆಗೆ ಬಂತು ಎನ್ನುವುದು, ಇಷ್ಟು ಬಿಟ್ಟರೆ ಗುರುಪಾದನ ಬಾಯಿಗೆ ಬೀಗ ಎಂದು ನನ್ನ ಹೆಂಡತಿಯೇ ಬಂದವರ ಹತ್ತಿರ ಹೇಳಿಕೊಂಡು ನಗುತ್ತಾಳೆ. ನಾನೂ ನಗುತ್ತೇನೆ, ಬಾಯಿ ತೆರೆಯದೆ.

ನನಗೆ ಕೇಳುವುದು ಬರುತ್ತದೆ. ಅದೊಂದೇ ವಿದ್ಯೆ. ನಮ್ಮೂರಿನ ಕಣಿವೆಸ್ವಾಮಿಯ ಗುಡಿಯಲ್ಲಿ ಸ್ವಾಮಿಯ ಕಾವ್ಯವನ್ನು ಪ್ರತಿವರ್ಷ ಕಾರ್ತಿಕದಲ್ಲಿ ಶುರುಮಾಡಿ ಮಾಘದಲ್ಲಿ ಮುಗಿಸುತ್ತಾರೆ. ಸ್ವಾಮಿ ಯಾವುದೋ ದೂರದ ಸೀಮೆಯಿಂದ ಕಣಿವೆ ಹತ್ತಿ ನಡೆದು ಬಂದು ಇಲ್ಲಿ ನೆಲೆಸಿದ ಕಥೆ, ಎಲ್ಲ ಷಟ್ಪದಿಯಲ್ಲಿ. ನನ್ನ ತಂದೆ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಕೂರುತ್ತಿದ್ದರು, ನಾನು ಅವರ ತೊಡೆಯ ಮೇಲೆ. ಅಕ್ಷರ ತಿದ್ದುವುದಕ್ಕೆ ಮುಂಚೆಯೇ ಪದ್ಯ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಓದುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎನ್ನುವುದೆಲ್ಲ ಕಿವಿಗೆ ಹತ್ತಿಬಿಟ್ಟಿತು. ತಂದೆ ಹೋದ ಮೇಲೆ ಆ ಕಂಬ ನನ್ನ ಪಾಲಿಗೆ ಬಂತು. ಕಂಬದ ಜೊತೆಗೆ ಒಂದು ಕೆಲಸವೂ ಬಂತು. ಉಳಿದ ಕೇಳುಗರೆಲ್ಲ ಪೀಠದ ಕಡೆ ಮುಖ ಮಾಡಿ ಕೂರುವುದರಿಂದ ರಸ್ತೆ ಕಾಣುವುದು ಕಂಬದ ಪಕ್ಕದವನಿಗೆ ಮಾತ್ರ. ಯಾರು ಬಂದರೂ ಗುಡಿಯ ಹೊಸ್ತಿಲ ಮೇಲೆ ‘ಬಂತು’ ಎನ್ನಬೇಕಾದವನು ನಾನು. ನಾನು ಅಂದ ಮೇಲೆ ಯಾರೂ ಎದ್ದು ಬಂದು ನೋಡುವುದಿಲ್ಲ.

ಪೀಠ ಮರಿಬಸವಯ್ಯನವರದು. ಅವರ ತಂದೆಯದು, ತಾತನದು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ, ಎತ್ತರದ, ಹಸನ್ಮುಖದ ಮನುಷ್ಯ. ಊರೆಲ್ಲ ಅಯ್ಯನೋರು ಎನ್ನುತ್ತದೆ. ಅವರ ಓದಿನಲ್ಲಿ ಎಲ್ಲರೂ ಕಾಯುವುದು ಕೊನೆಯ ಪದ್ಯಕ್ಕೆ. ಸ್ವಾಮಿ ಕಣಿವೆಯ ಕಡೆಯ ಏರನ್ನು ಒಂದೇ ಉಸಿರಿಗೆ ಹತ್ತಿದನಂತೆ. ಆದ್ದರಿಂದ ಆ ಪದ್ಯವನ್ನು ಓದುವವರೂ ಒಂದೇ ಉಸಿರಿಗೆ ಹೇಳಬೇಕು. ನಡುವೆ ಉಸಿರು ಮುರಿದರೆ ಪೀಠ ಬೇರೆ ಮನೆಗೆ ಹೋಗುತ್ತದೆ. ಹೇಳದೆಯೇ ಉಳಿಸಿದರೆ ಪೀಠವೇನೂ ಹೋಗುವುದಿಲ್ಲ, ಆದರೆ ಕಾವ್ಯ ಅಲ್ಲಿಗೇ ನಿಂತಿರುತ್ತದೆ. ಏರಿನ ಕೆಳಗೆ ಒಂದು ಬಂಡೆ ಇದೆ, ಸ್ವಾಮಿ ಅದರ ಮೇಲೆ ಕೂತ ಎಂದು ಅದರ ಹಿಂದಿನ ಪದ್ಯದಲ್ಲಿ ಬರುತ್ತದೆ. ಯಾಕೆ ಕೂತ ಎಂದು ಕವಿ ಹೇಳಿಲ್ಲ. ಮುಂದಿನ ಪದ್ಯ ಹೇಳುವವರೆಗೂ ಅವನು ಅಲ್ಲೇ ಕೂತಿರುತ್ತಾನೆ, ಅವನು ಕೂತಿರುವಷ್ಟು ಕಾಲ ಊರಿನಲ್ಲಿ ಮದುವೆ ಮುಂಜಿ ಯಾವುದೂ ಇಲ್ಲ.

ಒಂದು ವರ್ಷ ಕೊನೆಯ ಪದ್ಯದಲ್ಲಿ ಅಯ್ಯನವರಿಗೆ ಉಸಿರು ಸಾಲದೆ ಹೋದದ್ದು ಅವರಿಗೇ ಗೊತ್ತಾಯಿತು. ಮುರಿಯಲಿಲ್ಲ, ಆದರೆ ಕಡೆಯ ಅಕ್ಷರಕ್ಕೆ ಬರಿಯ ತುಟಿ ಆಡಿತು. ಕಣ್ಣು ಮುಚ್ಚಿ ಕೂತಿದ್ದ ಭಕ್ತರಿಗೆ ತಿಳಿಯಲಿಲ್ಲ. ಅಯ್ಯನವರು ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಕಂಬ ನೋಡಿದೆ. ಮಾರನೆಯ ಬೆಳಿಗ್ಗೆಯೇ ಅವರು ಬಿಳಿ ಕ್ಯಾನ್ವಾಸ್ ಷೂ ಕೊಂಡು, ಡ್ರಿಲ್ ಮೇಷ್ಟ್ರು ದಾಸೇಗೌಡರ ಮುಂಜಾನೆ ಬಳಗಕ್ಕೆ ಸೇರಿದರು. ಓಡಿದರೆ ಎದೆ ಹಿಗ್ಗುತ್ತದೆ, ಎದೆ ಹಿಗ್ಗಿದರೆ ಪದ್ಯ ಹಿಡಿಸುತ್ತದೆ ಎಂಬುದು ಲೆಕ್ಕ. ಲೆಕ್ಕವೇನೋ ಸರಿಯೇ ಇತ್ತು.

ಬಳಗ ಓಡುವುದು ದೊಡ್ಡ ರಸ್ತೆಯಲ್ಲಿ. ಒಂದು ತುದಿಯಲ್ಲಿ ಬಸ್ ಡಿಪೋ, ಇನ್ನೊಂದು ತುದಿಯಲ್ಲಿ ಇಟ್ಟಿಗೆ ಗೂಡುಗಳು, ನಡುವೆ ರಾತ್ರಿಯಿಂದ ಸಾಲುಗಟ್ಟಿ ಬಂದು ಇಂಜಿನ್ ಆರಿಸದೆ ನಿಲ್ಲುವ ಲಾರಿಗಳು. ಚಳಿಗಾಲದ ಮುಂಜಾನೆ ಈ ಎಲ್ಲದರ ಹೊಗೆಯೂ ಮಂಜಿನ ಕೆಳಗೆ ಸಿಕ್ಕಿಕೊಂಡು, ಕಂಬಳಿ ಹೊದ್ದ ಹಾಗೆ ರಸ್ತೆಯ ಮೇಲೆಯೇ ಮಲಗಿರುತ್ತದೆ. ಅದರೊಳಗೆ ಬಳಗದವರು ಬಾಯಿ ತೆರೆದುಕೊಂಡು, ಒಂದು ಎರಡು ಎನ್ನುತ್ತ ಓಡುತ್ತಾರೆ. ಟೀ ಅಂಗಡಿಯವರು, ಬಸ್ಸಿಗೆ ಕಾಯುವವರು ನಿಂತು ನೋಡುತ್ತಾರೆ. ಓಡಿ ಬಂದವರ ನೆರಳು ಹಿಂದೆ ಉಳಿಯುತ್ತದೆ. ಇಲ್ಲೇ ನಮ್ಮೂರಿನವರು ಒಂದು ತಪ್ಪು ಮಾಡಿದರು. ನೆರಳು ತಡವಾಗಿ ಬಂದಷ್ಟೂ ಮನುಷ್ಯ ಜೋರಾಗಿ ಓಡಿದ್ದಾನೆ ಎಂದು ದಾಸೇಗೌಡರು ತೀರ್ಮಾನ ಕೊಟ್ಟರು. ತನ್ನ ನೆರಳಿಗೇ ಕೈಕೊಟ್ಟು ಬಂದವನಿಗಿಂತ ವೇಗದವನು ಯಾರು? ಕೇಳುವುದಕ್ಕೆ ಚೆನ್ನಾಗಿತ್ತು. ಊರು ಒಪ್ಪಿತು. ಯಾರ ನೆರಳು ಎಲ್ಲರಿಗಿಂತ ಕಡೆಗೆ ಬರುತ್ತದೋ ಅವರಿಗೆ ವರ್ಷಕ್ಕೊಮ್ಮೆ ಹಿತ್ತಾಳೆಯ ಬಟ್ಟಲು. ಸಂಜೆ ಕಟ್ಟೆಯ ಮೇಲೆ ಕೂತು, ನನ್ನದು ಊಟದ ಹೊತ್ತಿಗೆ ಬಂತು, ನನ್ನದು ಉಂಡು ಮಲಗಿ ಎದ್ದ ಮೇಲೆ ಬಂತು ಎಂದು ಜಂಬ ಕೊಚ್ಚಿಕೊಳ್ಳುವುದು ಶುರುವಾಯಿತು.

ಅಯ್ಯನವರು ಕೆಲವೇ ತಿಂಗಳಲ್ಲಿ ಬಳಗದ ಹೆಮ್ಮೆಯಾದರು. ಮೊದಮೊದಲು ಅವರ ನೆರಳು ಕಾಫಿಯ ಹೊತ್ತಿಗೆ ಬರುತ್ತಿತ್ತು. ಆಮೇಲೆ ತಿಂಡಿಯ ಹೊತ್ತಿಗೆ. ಆಮೇಲೆ ನಡುಹಗಲಿಗೆ. ಅಲ್ಲಿಯತನಕ ಅವರ ಸಂಸಾರವೆಲ್ಲ ಜಗಲಿಯ ಮೇಲೆ. ಅವರ ಹೆಂಡತಿ ಚನ್ನಾಜಮ್ಮನವರು ಕಿಟಕಿಯ ಸರಳಿನ ನಡುವೆ ಲೋಟ ತೂರಿಸುತ್ತಿದ್ದರು, ದೋಸೆಯನ್ನು ಸುರುಳಿ ಸುತ್ತಿ ತೂರಿಸುತ್ತಿದ್ದರು. ಪೇಪರ್ ಓದುವುದು ಅಲ್ಲೇ, ಕ್ಷೌರ ಅಲ್ಲೇ, ನಿದ್ದೆ ಅಲ್ಲೇ. ಮದುವೆಯಾದಾಗಿನಿಂದ ಮನೆ ಇಷ್ಟು ಚೊಕ್ಕಟವಾಗಿ ಇದ್ದದ್ದೇ ಇಲ್ಲ ಎಂದು ಚನ್ನಾಜಮ್ಮ ನನ್ನ ಹೆಂಡತಿಗೆ ಹೇಳಿದರಂತೆ.

ಚನ್ನಾಜಮ್ಮನವರೂ ನಡೆಯುವವರೇ. ಆದರೆ ಬಿಸಿಲು ಬಿದ್ದು ಮಂಜು ಕರಗಿದ ಮೇಲೆ, ಕೈಯಲ್ಲಿ ಪತ್ರೆಯ ಬುಟ್ಟಿ ಹಿಡಿದು, ದೊಡ್ಡ ರಸ್ತೆಯ ಹಿಂದಿನ ನೇಕಾರರ ಓಣಿಯಲ್ಲಿ. ಒಂದು ಸಾಲು ಮನೆ ದಾಟಿದರೆ ಸಿಗುವ ಓಣಿ ಅದು. ಎರಡೂ ಕಡೆ ಹೊಂಗೆಮರ, ಮಗ್ಗದ ಸದ್ದು, ಲಾರಿ ನುಗ್ಗಲಾರದಷ್ಟು ಇಕ್ಕಟ್ಟು. ಅವರು ಸರಸರನೆ ಕೆರೆಯ ತನಕ ಹೋಗಿ ಬಂದರೂ ನೆರಳು ಕಾಲಿಗೆ ಅಂಟಿಕೊಂಡೇ ಇರುತ್ತಿತ್ತು. ಹೊಸ್ತಿಲ ಮೇಲೆ ಒಂದು ಗಳಿಗೆಯೂ ನಿಲ್ಲದೆ ಒಳಗೆ ಹೋಗಿಬಿಡುತ್ತಿದ್ದರು. ಜಗಲಿಯ ಮೇಲಿಂದ ಅಯ್ಯನವರು ಗೇಲಿ ಮಾಡುತ್ತಿದ್ದರು.

“ಏನೇ ಇವಳೇ, ನೆರಳನ್ನ ಸೆರಗಿಗೆ ಗಂಟು ಹಾಕ್ಕೊಂಡು ಹೋಗಿದ್ಯಾ? ಅದೂ ಒಂದು ನಡಿಗೇನಾ?”

“ಹೌದು, ನನ್ ನೆರಳಿಗೆ ಮನೆ ಎಲ್ಲಿದೆ ಅಂತ ಗೊತ್ತು. ಕೆಲವ್ರದ್ದಕ್ಕೆ ಗೊತ್ತಿಲ್ಲ, ಏನ್ಮಾಡೋದು.”

ಅಯ್ಯನವರ ನೆರಳು ಬರುವುದನ್ನು ದಿನಾ ನೋಡುತ್ತಿದ್ದವನು ನಾನು. ಅದು ಓಡುವವನ ನೆರಳಿನ ಹಾಗೆ ಇರಲಿಲ್ಲ. ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡು ಕರೆಂಟು ಕಂಬ ಹಿಡಿದು ನಿಲ್ಲುತ್ತಿತ್ತು. ಸ್ವಲ್ಪ ದೂರ ಬಂದು ಚರಂಡಿಯ ಕಟ್ಟೆಯ ಮೇಲೆ ಕೂರುತ್ತಿತ್ತು. ನನ್ನ ಅಂಗಡಿಯ ಮುಂದೆ ಹಾದಾಗ ಡೀಸೆಲ್ ವಾಸನೆ ಬಂದು, ಆಗತಾನೆ ಒರೆಸಿದ ಭರಣಿಗಳು ಮಸುಕಾಗುತ್ತಿದ್ದವು. ನಾನು ಮತ್ತೆ ಒರೆಸುತ್ತಿದ್ದೆ. ‘ಬಂತು’ ಎಂದ ಕೂಡಲೇ ಅಯ್ಯನವರು ಗೆದ್ದವರಂತೆ ಒಳಗೆ ಹೋಗುತ್ತಿದ್ದರು. ಚನ್ನಾಜಮ್ಮ ಮಾತ್ರ ಹೊಸ್ತಿಲಿಗೆ ಒಂದು ಚೊಂಬು ನೀರು ಸುರಿದು ಆ ನೆರಳಿನ ಕಾಲು ತೊಳೆಯುತ್ತಿದ್ದರು. ನೀರು ಕಪ್ಪಗೆ ಹರಿದು ಬೀದಿಗೆ ಬರುತ್ತಿತ್ತು.

ನೋಡಿದ್ದು ಹೀಗೆ. ಕೇಳಿಸಿಕೊಂಡದ್ದು ಇನ್ನೂ ಬೇರೆ. ಕಾರ್ತಿಕದಲ್ಲಿ ಓದು ಶುರುವಾದಾಗ ಅಯ್ಯನವರ ದನಿ ಗಟ್ಟಿಯಾಗಿಯೇ ಇತ್ತು, ಕಾಲಂತೂ ಹುಡುಗರ ಕಾಲಿನ ಹಾಗೆ ಆಗಿತ್ತು. ಆದರೆ ಪದ್ಯದ ಸಾಲು ಮುಗಿಯುವ ಮುಂಚೆಯೇ ಉಸಿರು ಕದಿಯುತ್ತಿದ್ದರು. ಭಾವ ಬಂದವರಂತೆ ಕಣ್ಣು ಮುಚ್ಚಿ, ತಲೆದೂಗಿ, ಆ ತೂಗಿನ ಮರೆಯಲ್ಲಿ ಒಂದು ಗುಟುಕು ಗಾಳಿ. ಭಕ್ತರು ಅಯ್ಯನವರಿಗೆ ಈ ವರ್ಷ ಭಕ್ತಿ ಹೆಚ್ಚಾಗಿದೆ ಎಂದು ಮಾತಾಡಿಕೊಂಡರು. ಅವರ ಎದೆಯೊಳಗೆ ಒದ್ದೆ ಸೌದೆ ಉರಿಯುವಾಗ ಬರುವಂಥ ಸಣ್ಣ ಸುಯ್ ಸದ್ದು ನನಗೆ ಕಂಬದ ಹತ್ತಿರದಿಂದಲೂ ಕೇಳಿಸುತ್ತಿತ್ತು.

ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟ್ರಮ್ಮ ಫಿಲೋಮಿನಾ ಅವರಿಗೂ ಕೇಳಿಸಿತು. ಅವರು ಸೀರೆಗೆ ಪಿನ್ನು ಕೊಳ್ಳಲು ನನ್ನ ಅಂಗಡಿಗೆ ಬಂದಿದ್ದಾಗ ಅಯ್ಯನವರು ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದರು. ಡಾಕ್ಟ್ರಮ್ಮ ಬೀದಿ ದಾಟಿ ಹೋಗಿ, ಕೇಳದೆಯೇ ಬೆನ್ನಿಗೆ ಸ್ಟೆತಾಸ್ಕೋಪಿನ ಕೊಳವೆ ಇಟ್ಟರು. ಆ ಹೊತ್ತಿಗೆ ದಾಸೇಗೌಡರೂ ಅಲ್ಲಿಗೆ ಬಂದಿದ್ದರು.

“ಓಡೋದು ಬಿಡಿ ಅಂತ ನಾನು ಹೇಳಲ್ಲ,” ಎಂದರು ಡಾಕ್ಟ್ರಮ್ಮ. “ಓಡೋದು ಒಳ್ಳೇದು. ಆದ್ರೆ ಸುಮ್ನೆ ಕೂತೋರು ಕುಡಿಯೋ ಗಾಳಿ ಲೋಟದಷ್ಟಾದ್ರೆ ಓಡೋರು ಕುಡಿಯೋದು ಕೊಡದಷ್ಟು. ಕೊಡ ಎಲ್ಲಿ ಮುಳುಗಿಸ್ತೀರಿ ಅಂತ ನೋಡ್ಕೋಬೇಡ್ವಾ? ಆ ರಸ್ತೆ ಬಿಟ್ಟು ಒಂದ್ ಓಣಿ ಒಳಗೆ ಹೋಗಿ. ಮಂಜು ಕರಗಲಿ, ಬಿಸಿಲು ಬರಲಿ, ಆಮೇಲೆ ಓಡಿ. ಹೊಗೆ ತೀರಾ ಹೆಚ್ಚಿರೋ ದಿನ ಮನೇಲೇ ಕೈಕಾಲು ಆಡಿಸಿ. ಒಳಗೆ ಎಳ್ಕೊಳ್ಳೋದು ನಿಂತ್ರೆ ಎದೆ ನಿಧಾನಕ್ಕೆ ಹಗುರಾಗುತ್ತೆ.”

“ಓಣೀಲಿ ಓಡಿದ್ರೆ ನೋಡೋರ್ಯಾರು ಡಾಕ್ಟ್ರಮ್ಮ?” ಎಂದರು ದಾಸೇಗೌಡರು.

ಅಯ್ಯನವರು ಜೋರಾಗಿ ನಕ್ಕರು. ನಗು ಕೆಮ್ಮಾಯಿತು. ಡಾಕ್ಟ್ರಮ್ಮ ಹೋದ ಮೇಲೆ, ಅವರ ಊರಲ್ಲಿ ನೆರಳು ಹುಟ್ಟಿದಾಗಿನಿಂದ ಕಾಲಿಗೇ ಅಂಟಿಕೊಂಡಿರುತ್ತದಂತೆ, ಅಂಥವರಿಗೆ ಓಟದ ಮರ್ಮ ಹೇಗೆ ತಿಳಿಯಬೇಕು ಎಂದು ದಾಸೇಗೌಡರು ಕನಿಕರಪಟ್ಟರು. ಎದೆ ಕಟ್ಟಿದೆ ಎಂದರೆ ಓಟ ಸಾಲದು ಅಂತಲೇ ಅರ್ಥ, ನಾಳೆಯಿಂದ ಇಟ್ಟಿಗೆ ಗೂಡಿನ ತನಕ ಇನ್ನೊಂದು ಸುತ್ತು ಹೆಚ್ಚಿಗೆ ಎಂದು ಅಪ್ಪಣೆಯಾಯಿತು.

ಪುಷ್ಯದಲ್ಲಿ ಲಾರಿಯವರು ಮುಷ್ಕರ ಹೂಡಿದರು. ಬಸ್ಸಿನವರೂ ಸೇರಿಕೊಂಡರು. ಕಲ್ಲಿದ್ದಲು ಬಾರದೆ ಗೂಡುಗಳೂ ಆರಿದವು. ದೊಡ್ಡ ರಸ್ತೆಯಲ್ಲಿ ದನಗಳು ಮಲಗಿದವು. ಬಳಗ ಎಂದಿನಂತೆ ಓಡಿತು. ಮುಷ್ಕರ ಶುರುವಾಗಿ ಸ್ವಲ್ಪ ದಿನ ಕಳೆದಿತ್ತು, ಒಂದು ಬೆಳಿಗ್ಗೆ ಅಯ್ಯನವರು ಬಂದು, ಬೆನ್ನು ಮಾಡಿ ನಿಂತು, ಬಂತೇನಪ್ಪಾ ಎಂದರು. ಅವರ ನೆರಳು ಕಾಲಬುಡದಲ್ಲೇ ಇತ್ತು. ಕೆಮ್ಮುತ್ತಿರಲಿಲ್ಲ. ಬಂತು ಎಂದೆ. ತಮಾಷೆ ಬೇಡ ಗುರುಪಾದ ಎಂದರು. ನಾನು ಯಾವತ್ತು ತಮಾಷೆ ಮಾಡಿದ್ದೇನೆ? ಮತ್ತೆ ಬಂತು ಎಂದೆ. ಅವರ ಹೆಗಲು ಇಳಿದುಹೋಯಿತು. ಸೋತವರಂತೆ ಒಳಗೆ ಹೋದರು.

ಬಳಗದ ಎಲ್ಲ ಮನೆಯಲ್ಲೂ ಅದೇ ದುಃಖ. ಒಬ್ಬರ ನೆರಳೂ ತಡವಾಗಲಿಲ್ಲ. ದಾಸೇಗೌಡರು ತುರ್ತು ಸಭೆ ಕರೆದು, ಬಳಗ ಸೋಮಾರಿಯಾಗಿದೆ, ಹೀಗಾದರೆ ಹೆಂಗಸರ ಪತ್ರೆ ಬುಟ್ಟಿಗೂ ನಮಗೂ ವ್ಯತ್ಯಾಸವೇನು ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಎಲ್ಲರೂ ಪಥ್ಯ ಹಿಡಿದು ಮೆಣಸಿನ ಕಷಾಯ ಕುಡಿಯತೊಡಗಿದರು. ಅದೇ ದಿನಗಳಲ್ಲಿ ಗುಡಿಯಲ್ಲಿ ಅಯ್ಯನವರು, ಸ್ವಾಮಿ ನದಿ ದಾಟುವ ಭಾಗ ಓದಿದರು. ಪದ್ಯ ತುಂಬಿದ ಹೊಳೆಯ ಹಾಗೆ ಬಂತು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಮಾತ್ರ ತೆಗೆದುಕೊಂಡರು, ಅದೂ ಕೇಳಿಸದ ಹಾಗೆ. ನನಗೆ ತಂದೆಯ ತೊಡೆ ನೆನಪಾಯಿತು. ಕಣ್ಣೊರೆಸಿಕೊಂಡು ನೋಡಿದರೆ ಹೆಂಗಸರ ಸಾಲಿನಲ್ಲಿ ಚನ್ನಾಜಮ್ಮನವರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಊರಿನವರು ಮೆಣಸಿನ ಕಷಾಯದ ಗುಣ ಎಂದರು.

ಮುಷ್ಕರ ಮುಗಿಯಿತು. ಲಾರಿಗಳು ಬಂದವು, ಗೂಡುಗಳು ಹೊತ್ತಿಕೊಂಡವು. ಅಯ್ಯನವರ ನೆರಳು ಮತ್ತೆ ನಡುಹಗಲಿಗೆ ಜಾರಿದ ದಿನ ದಾಸೇಗೌಡರು ಬೀದಿಯಲ್ಲಿ ಕೊಬ್ಬರಿಮಿಠಾಯಿ ಹಂಚಿದರು. ನನಗೂ ಒಂದು ತುಂಡು ಕೊಟ್ಟರು. ತಿಂದೆ. ಮಿಠಾಯಿಯ ತಪ್ಪೇನಿದೆ.

ಅವತ್ತು ಸಂಜೆ ಚನ್ನಾಜಮ್ಮ ಅಂಗಡಿಗೆ ಬಂದು, ಬೇಡದ ಗುಂಡಿಗಳನ್ನು ಬೆರಳಲ್ಲಿ ಹೊರಳಿಸುತ್ತ ನಿಂತರು. ಮುಷ್ಕರದಲ್ಲಿ ಇವರ ಓದು ಕೇಳಿದೆಯಲ್ಲ, ಈಗ ಕೇಳುತ್ತಿದ್ದೀಯಲ್ಲ, ನಿನ್ನ ಕಿವಿ ಏನು ಹೇಳುತ್ತದೆ ಗುರುಪಾದ ಎಂದು ಕೇಳಿದರು. ಪದ್ಯ ಮುರಿಯುತ್ತದೆ ಎಂದೆ. ಅವರು ತಲೆಯಾಡಿಸಿದರು. ನಾನು ಹೇಳಿದರೆ ಹೆಂಡತಿ ಮಾತು ಅಂತ ನಗುತ್ತಾರೆ, ಡಾಕ್ಟ್ರಮ್ಮ ಹೇಳಿದರೆ ಪರವೂರಿನವರು ಅಂತ ನಗುತ್ತಾರೆ, ನೀನು ಎಂದೂ ಮಾತಾಡದವನು, ನೀನೊಂದು ಸಲ ಹೇಳಿ ನೋಡು ಎಂದು, ಕಡೆಗೆ ಒಂದು ದಾರದುಂಡೆ ಕೊಂಡು ಹೋದರು.

ಕೊನೆಯ ದಿನ ಬಂತು. ಸಂಜೆ ಸೂರ್ಯ ಮುಳುಗುವುದರೊಳಗೆ ಕಡೆಯ ಪದ್ಯ. ಆವತ್ತು ಬೆಳಿಗ್ಗೆ ಹೊಗೆ ಎಷ್ಟಿತ್ತೆಂದರೆ ನನಗೆ ಎದುರುಮನೆಯ ಬಾಗಿಲು ಕಾಣುತ್ತಿರಲಿಲ್ಲ. ಷೂ ದಾರ ಬಿಗಿಯುತ್ತಿದ್ದ ಅಯ್ಯನವರ ಬಳಿಗೆ ಬೀದಿ ದಾಟಿ ಹೋದೆ. ಏನು ಹೇಳಬೇಕೆಂದು ರಾತ್ರಿಯೇ ಜೋಡಿಸಿಕೊಂಡಿದ್ದೆ.

“ಅಯ್ಯನೋರೇ, ಇವತ್ತೊಂದಿನ ಅಮ್ಮೋರ ಜೊತೆ ಓಣೀಲಿ ನಡೀರಿ. ಬಿಸಿಲು ಬಂದ್ಮೇಲೆ.”

ಅವರು ಅಚ್ಚರಿಯಿಂದ ತಲೆಯೆತ್ತಿದರು. ನನ್ನ ಬಾಯಿಂದ ಅಷ್ಟು ಮಾತು ಅವರು ಕೇಳಿರಲಿಲ್ಲ.

“ಗುಂಡಿ ಮಾರೋನು ನೀನು. ಗುಂಡಿಗೆ ವಿಷಯ ನಂಗೆ ಬಿಡು,” ಎಂದು ನನ್ನ ಹೆಗಲು ತಟ್ಟಿ, ಹೊಗೆಯೊಳಗೆ ಓಡಿದರು. ಸ್ವಲ್ಪ ಹೊತ್ತು ಬಿಳಿ ಷೂ ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ.

ವಾಪಸು ಬಂದವರು ಜಗಲಿಯ ಮೇಲೆ ಕೂತರು. ತಿಂಡಿಯ ಹೊತ್ತು ಕಳೆಯಿತು. ಊಟವೂ ಕಿಟಕಿಯಿಂದಲೇ ಬಂತು. ಆಗಾಗ ಎದ್ದು, ಬೆನ್ನು ಮಾಡಿ, ಬಂತೇನಪ್ಪಾ ಎಂದು ಕೇಳುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಮಡಿಪಂಚೆಯೂ ಶಾಲೂ ಕಿಟಕಿಯಿಂದ ಬಂದವು. ಹಿತ್ತಲಿನ ಬಾವಿಯಲ್ಲಿ ಸ್ನಾನ ಮಾಡಿ, ಜಗಲಿಯ ಮೂಲೆಯಲ್ಲಿ ಬಟ್ಟೆ ಬದಲಿಸಿ, ವಿಭೂತಿ ಧರಿಸಿ, ಗುಡಿಯ ಬಾಗಿಲಲ್ಲಿಯೇ ಕಾಯುತ್ತೇನೆ ಎಂದು ಹೊರಟರು. ಅವರಿಗೆ ಹಿಂದೆ ತಿರುಗದ ಹಾಗೆ ಹೇಳುತ್ತ, ಅಂಗಡಿ ಮುಚ್ಚಿ ನಾನೂ ಹೊರಟೆ.

ಗುಡಿ ತುಂಬಿತ್ತು. ಪೀಠಕ್ಕೆ ಹೂವು, ಪೀಠದ ಮೇಲೆ ಕಾವ್ಯ, ಪಕ್ಕದಲ್ಲಿ ದೀಪ. ಇನ್ನೊಂದು ಪುಟ್ಟ ಮೇಜಿನ ಮೇಲೆ ಹಿತ್ತಾಳೆಯ ಬಟ್ಟಲು ಫಳಫಳ ಹೊಳೆಯುತ್ತಿತ್ತು. ಪದ್ಯ ಮುಗಿದ ಮೇಲೆ ಅದನ್ನೂ ಅಲ್ಲೇ ಕೊಟ್ಟುಬಿಡುವುದೆಂದು ದಾಸೇಗೌಡರು ಗೊತ್ತುಮಾಡಿದ್ದರು. ನಾನು ಕಂಬಕ್ಕೆ ಒರಗಿ ಕೂತೆ. ಅಯ್ಯನವರು ಹೊಸ್ತಿಲಿನ ಆಚೆ, ರಸ್ತೆಗೆ ಬೆನ್ನು ಮಾಡಿ, ನನಗೆ ಕೈಯಳತೆಯಲ್ಲಿ ನಿಂತರು. ಇಳಿಬಿಸಿಲಿನಲ್ಲಿ ಬಾಗಿಲ ತೋರಣದ ನೆರಳು, ದೀಪಸ್ತಂಭದ ನೆರಳು, ಹೊರಗೆ ಬಿಟ್ಟ ಚಪ್ಪಲಿಗಳ ನೆರಳು ಸಹಿತ ಉದ್ದಕ್ಕೆ ಬಿದ್ದಿದ್ದವು. ಅವರ ಪಾದದ ಬಳಿ ನೆಲ ಬರಿದಾಗಿತ್ತು.

ಒಳಗಿಂದ ಯಾರೋ ಬಂತೇ ಎಂದು ಕೇಳಿದರು. ಇಲ್ಲ ಎಂದೆ.

“ಇನ್ನೂ ಬಂದಿಲ್ವಾ? ಭಲೇ ಅಯ್ಯನೋರೇ,” ಎಂದು ದಾಸೇಗೌಡರು ಕೂತಲ್ಲಿಂದಲೇ ಚಪ್ಪಾಳೆ ಹೊಡೆದರು. ಬಳಗದವರು ಸೇರಿಕೊಂಡರು. ಮಕ್ಕಳೂ ಸೇರಿಕೊಂಡವು. ಗುಡಿಯೆಲ್ಲ ಚಪ್ಪಾಳೆ. ಅಯ್ಯನವರು ಅಭ್ಯಾಸಬಲದಿಂದ ನಗಲು ಹೋದರು, ನಗು ಬರಲಿಲ್ಲ.

ನಾನು ರಸ್ತೆ ನೋಡಿದೆ. ಬಹಳ ದೂರ, ಪೆಟ್ರೋಲ್ ಬಂಕಿನ ಪಕ್ಕದ ಮೋರಿಯ ಮೇಲೆ ಅವರ ನೆರಳು ಕೂತಿತ್ತು. ಒಂದು ಕೈ ಎದೆಯ ಮೇಲೆ. ಎದ್ದಿತು, ಸ್ವಲ್ಪ ನಡೆಯಿತು, ಮೈಲಿಗಲ್ಲು ಹಿಡಿದು ಮತ್ತೆ ಕೂತಿತು. ಸೂರ್ಯ ಗೂಡುಗಳ ಹೊಗೆಯೊಳಗೆ ಇಳಿಯುತ್ತಿದ್ದ. ಕತ್ತಲಾದ ಮೇಲೆ ಯಾರ ನೆರಳೂ ನಡೆಯುವುದಿಲ್ಲ. ಅದು ಇವತ್ತು ಬರುವ ಹಾಗಿರಲಿಲ್ಲ.

ಅಯ್ಯನವರಿಗೂ ಗೊತ್ತಾಗಿತ್ತು. ನನ್ನ ಕಡೆಗೆ ಬಾಗಿ, ಚಪ್ಪಾಳೆಯ ಸದ್ದಿನ ಕೆಳಗೆ ಮಾತಾಡಿದರು.

“ಗುರುಪಾದ. ಬಂತು ಅಂದ್ಬಿಡು.”

ನಾನು ಮತ್ತೆ ಮೈಲಿಗಲ್ಲಿನ ಕಡೆ ನೋಡಿದೆ.

“ನೀನು ಅಂದ್ರೆ ಯಾರೂ ಎದ್ದು ಬಂದು ನೋಡಲ್ಲ. ನಿನ್ ಮಗಳ ಲಗ್ನಪತ್ರಿಕೆ ಅಚ್ಚಾಗಿದೆ. ನಾನು ಒಳಗೆ ಬರ್ದಿದ್ರೆ ಸ್ವಾಮಿ ಬಂಡೆ ಮೇಲೇ ಕೂತಿರ್ತಾನೆ, ಮದುವೆ ಎಲ್ಲಿಂದ ಆಗುತ್ತೆ? ಬೀಗ್ರಿಗೆ ಏನ್ ಹೇಳ್ತೀಯಾ?”

ಅದು ನಿಜವೇ. ನನ್ನ ಮಗಳು ಶಿವಗಂಗೆಯ ಮದುವೆ ಮುಂದಿನ ವಾರಕ್ಕೆ ಗೊತ್ತಾಗಿತ್ತು. ನನ್ನ ಹೆಂಡತಿ ಹೆಂಗಸರ ಸಾಲಿನಲ್ಲಿ ಕೂತು, ಪದ್ಯ ಮುಗಿದ ಕೂಡಲೇ ಹಂಚಲೆಂದು ಅರಿಸಿನ ಕುಂಕುಮದ ತಟ್ಟೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ಪಕ್ಕದಲ್ಲಿ ಚನ್ನಾಜಮ್ಮ. ಇಡೀ ಗುಡಿಯಲ್ಲಿ ಚಪ್ಪಾಳೆ ಹೊಡೆಯದೆ ಇದ್ದವರು ಅವರೊಬ್ಬರೇ. ನನ್ನನ್ನೇ ನೋಡುತ್ತಿದ್ದರು. ಏನೂ ಸನ್ನೆ ಮಾಡಲಿಲ್ಲ.

ಆ ಪದ್ಯಕ್ಕಾಗಿ ನಾನು ವರ್ಷವಿಡೀ ಕಾಯುತ್ತೇನೆ. ಅದನ್ನು ಕೇಳಿದ ದಿನ ಊಟ ಬೇಡ, ನಿದ್ದೆ ಬೇಡ. ಬಂತು ಎಂಬ ಒಂದು ಮಾತು ಆಡಿದರೆ ಈಗಲೇ ಕೇಳಬಹುದು. ಎಲ್ಲಿಯ ತನಕ ಕೇಳಬಹುದು ಎಂದು ಲೆಕ್ಕ ಹಾಕಿದೆ. ಏರಿನ ಅರ್ಧದ ತನಕ. ಅಲ್ಲಿ ಉಸಿರು ಮುರಿದು, ಸ್ವಾಮಿ ಒಂದು ಕಾಲು ಎತ್ತಿ ನಿಂತುಬಿಡುತ್ತಾನೆ.

“ಒಂದ್ ಪದ್ಯ, ಗುರುಪಾದ,” ಎಂದರು ಅಯ್ಯನವರು. “ನಾಳೆಯಿಂದ ನೀನ್ ಹೇಳಿದ ಓಣೀಲೇ ನಡೀತೀನಿ. ಆಣೆ. ಇವತ್ತು ಒಂದೇ... ಉಸಿರಿನ... ಕೆಲಸ.”

ಆ ಮಾತನ್ನು ಹೇಳುವಷ್ಟರಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಡುನಡುವೆ ನಿಂತರು. ಅವರಿಗದು ಕೇಳಿಸಲಿಲ್ಲ. ನನಗೆ ಕೇಳಿಸಿತು.

ಸ್ವಾಮಿ ಬಂಡೆಯ ಮೇಲೆ ಯಾಕೆ ಕೂತ ಎಂದು ಚಿಕ್ಕವನಿದ್ದಾಗ ತಂದೆಯನ್ನು ಕೇಳಿದ್ದೆ. ಇನ್ಯಾಕೆ, ಹಿಂದೆ ಉಳಿದದ್ದು ಬರಲಿ ಅಂತ ಎಂದಿದ್ದರು. ಸ್ವಾಮಿಯೇ ಕಾಯಬಹುದಾದರೆ ಬೀಗರು ಕಾದಾರು. ಒಂದು ಓಣಿಯಾಚೆ ಹೊಂಗೆಯ ನೆರಳಲ್ಲಿ ನಿಧಾನಕ್ಕೆ ನಡೆದು ಆ ಎದೆ ಹಗುರಾಗುವ ತನಕ ಊರೇ ಕಾದೀತು. ಅಷ್ಟರಲ್ಲಿ ಒಳಗಿಂದ ದಾಸೇಗೌಡರು ಚಪ್ಪಾಳೆ ನಿಲ್ಲಿಸಿ, ಏನಾಯಿತಪ್ಪ ಗುರುಪಾದ ಎಂದರು. ಉಳಿದವರ ಚಪ್ಪಾಳೆಯೂ ನಿಂತಿತು. ಅಯ್ಯನವರು ಬಲಗಾಲನ್ನು ಹೊಸ್ತಿಲಿನ ಮೇಲೆ ಎತ್ತಿ ಹಿಡಿದು, ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು.

“ಇಲ್ಲ ಅಯ್ಯನೋರೇ,” ಎಂದೆ, ಗುಡಿಗೆಲ್ಲ ಕೇಳುವ ಹಾಗೆ. “ನಾನು ಹೇಳಲ್ಲ.”